ರಕ್ತದ ಒತ್ತಡದ ರಸಗಳೂ ಚಿತ್ತದ ಏರಿಳಿತವೂ



ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಇವು ಒಂದಕ್ಕೊಂದು ನೆರೆಯಾದ ಊರುಗಳು. ಮಾತು ಒಂದೇ, ಉಣ್ಣುವ ಜೋಳದ ರೊಟ್ಟಿ ಒಂದೇ, ಕಾಯುವ ಮಳೆಯೂ ಒಂದೇ. ಹೀಗಿದ್ದರೂ 1948ರವರೆಗೆ ಗದಗವೂ ಮುಂಡರಗಿಯೂ ಧಾರವಾಡ ಜಿಲ್ಲೆಗೆ ಸೇರಿ ಮುಂಬಯಿ ಪ್ರಾಂತದಲ್ಲಿದ್ದವು. ಲಕ್ಷ್ಮೇಶ್ವರವು ಮಿರಜ ಸಂಸ್ಥಾನದಲ್ಲಿತ್ತು. ಶಿರಹಟ್ಟಿಯು ಸಾಂಗಲಿ ಸಂಸ್ಥಾನದಲ್ಲಿತ್ತು. ಕಂದಾಯದ ಕಟ್ಟೆಗಳೂ ಕಚೇರಿಗಳೂ ಬೇರೆಬೇರೆಯಾಗಿದ್ದವೇ ಹೊರತು, ಕಪ್ಪತಗುಡ್ಡದ ಮೇಲಿಂದ ಬೀಸುವ ಗಾಳಿಗೆ ಈ ಗಡಿಗಳು ಗೊತ್ತಿರಲಿಲ್ಲ.

ವೈದ್ಯಶಾಸ್ತ್ರವೂ ತನ್ನ ಅನುಕೂಲಕ್ಕಾಗಿ ಮನುಷ್ಯದೇಹದಲ್ಲಿ ಇಂಥ ಸಂಸ್ಥಾನಗಳನ್ನು ಏರ್ಪಡಿಸಿಕೊಂಡಿದೆ. ಹೃದಯವೂ ರಕ್ತನಾಳಗಳೂ ಒಬ್ಬ ವೈದ್ಯರ ಆಳ್ವಿಕೆಗೆ, ಮೂತ್ರಪಿಂಡಗಳು ಇನ್ನೊಬ್ಬರ ಆಳ್ವಿಕೆಗೆ, ಚಿತ್ತವು ಮತ್ತೊಬ್ಬರ ಆಳ್ವಿಕೆಗೆ ಸೇರಿವೆ. ಆದರೆ ರಕ್ತದೊಡನೆ ದೇಹವನ್ನೆಲ್ಲ ಸುತ್ತುವ ರಸಗಳು ಈ ಗಡಿಗಳನ್ನು ಮನ್ನಿಸುವುದಿಲ್ಲ. ರಕ್ತದ ಒತ್ತಡವನ್ನು ಆಳುವ ರಸಗಳಿಗೂ, ಮನಸ್ಸನ್ನು ಒಮ್ಮೆ ಉಬ್ಬರಕ್ಕೇರಿಸಿ ಒಮ್ಮೆ ಪಾತಾಳಕ್ಕಿಳಿಸುವ ಒಂದು ವ್ಯಾಧಿಗೂ ಇರುವ ಸಂಬಂಧವೇ ಈ ಹೊತ್ತಿನ ಭಾಷಣದ ವಿಷಯ. ಈ ಸಂಬಂಧದಲ್ಲಿ ಒಂದು ಭಾಗ ಇನ್ನೂ ಶೋಧನೆಯಲ್ಲಿದೆ. ಇನ್ನೊಂದು ಭಾಗ ನಿಶ್ಚಿತವಾದದ್ದು, ಅದನ್ನು ಅರಿಯದಿದ್ದರೆ ಪ್ರಾಣಕ್ಕೇ ಅಪಾಯ. ಎರಡನ್ನೂ ಬೇರೆಬೇರೆಯಾಗಿಟ್ಟು ನೋಡೋಣ.

ಮೊದಲು ವ್ಯಾಧಿಯ ಮಾತು. ಸಂತೋಷವೂ ದುಃಖವೂ ಎಲ್ಲರ ಪಾಲಿಗೂ ಬಂದವೇ. ಆದರೆ ಕೆಲವರಲ್ಲಿ ಹೊರಗಿನ ಕಾರಣಕ್ಕೆ ತಕ್ಕ ಪ್ರಮಾಣವಿಲ್ಲದೆ, ದಿನಗಟ್ಟಲೆ ವಾರಗಟ್ಟಲೆ, ಉತ್ಸಾಹವು ಕಟ್ಟೊಡೆದ ಕೆರೆಯಂತೆ ನುಗ್ಗುತ್ತದೆ. ನಿದ್ರೆ ಬೇಕೆನಿಸುವುದಿಲ್ಲ, ಮಾತು ನಿಲ್ಲುವುದಿಲ್ಲ, ಕೈಯಲ್ಲಿಲ್ಲದ ಹಣದಿಂದ ವ್ಯಾಪಾರ ಹೂಡುವ ಧೈರ್ಯ ಬರುತ್ತದೆ. ಇದು ಉನ್ಮಾದದ ಅವಸ್ಥೆ. ಇದೇ ಮನುಷ್ಯನು ಕೆಲವು ಕಾಲದ ಮೇಲೆ ಹಾಸಿಗೆಯಿಂದ ಏಳಲಾರ, ಉಣ್ಣಲಾರ, ಬದುಕು ತನಗೂ ಪರರಿಗೂ ಹೊರೆಯೆಂದು ಭಾವಿಸುತ್ತಾನೆ. ಇದು ವಿಷಾದದ ಅವಸ್ಥೆ. ಎರಡರ ನಡುವೆ ಅವನು ಎಲ್ಲರಂತೆ ಸರಿಯಾಗಿಯೇ ಇರುವುದುಂಟು. ಜರ್ಮನಿಯ ಕ್ರೇಪೆಲಿನ್ ಎಂಬ ಪಂಡಿತನು 1899ರಲ್ಲಿ ಈ ಎರಡು ಅವಸ್ಥೆಗಳೂ ಒಂದೇ ರೋಗದ ಎರಡು ಮುಖಗಳೆಂದು ತೋರಿಸಿದನು. ಈಗ ಇದನ್ನು ಬೈಪೋಲಾರ್ ವ್ಯಾಧಿ, ಅಂದರೆ ಎರಡು ಧ್ರುವಗಳ ವ್ಯಾಧಿ, ಎನ್ನುತ್ತಾರೆ. ನಮ್ಮ ದೇಶದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು 200 ಮಂದಿಗೆ ಒಬ್ಬರಂತೆ ಜೀವಿತದಲ್ಲಿ ಎಂದಾದರೊಮ್ಮೆ ಇದಕ್ಕೆ ಒಳಗಾಗಿರುತ್ತಾರೆ. ಇದು ದೆವ್ವದ ಕಾಟವಲ್ಲ, ಶೀಲದ ದೋಷವಲ್ಲ, ತಂದೆತಾಯಿಗಳು ಬೆಳೆಸಿದ ರೀತಿಯ ಫಲವೂ ಅಲ್ಲ.

ಇನ್ನು ರಕ್ತದ ಒತ್ತಡ. ಇದು ಎಲ್ಲರಿಗೂ ಪರಿಚಿತವಾದ ಹೆಸರು; 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15 ವರ್ಷ ದಾಟಿದವರ ಪೈಕಿ ಹೆಂಗಸರಲ್ಲಿ ನೂರಕ್ಕೆ 21 ಮಂದಿಗೂ ಗಂಡಸರಲ್ಲಿ 24 ಮಂದಿಗೂ ಒತ್ತಡ ಹೆಚ್ಚಾಗಿತ್ತು, ಇಲ್ಲವೆ ಅದಕ್ಕಾಗಿ ಅವರು ಔಷಧ ಸೇವಿಸುತ್ತಿದ್ದರು. ಆದರೆ ಈ ಒತ್ತಡವನ್ನು ಆಳುವವರಾರು? ಹೃದಯವೊಂದೇ ಎಂದು ಬಹುಕಾಲ ನಂಬಿದ್ದರು. 1898ರಲ್ಲಿ ಸ್ವೀಡನ್ನಿನಲ್ಲಿ ಟಿಗರ್‌ಸ್ಟೆಟ್ ಎಂಬಾತನು ತನ್ನ ಶಿಷ್ಯ ಬರ್ಗ್‌ಮನ್ನನೊಡನೆ ಮೊಲದ ಮೂತ್ರಪಿಂಡದ ಸಾರವನ್ನು ತೆಗೆದು ಇನ್ನೊಂದು ಮೊಲದ ರಕ್ತಕ್ಕೆ ಸೇರಿಸಿದಾಗ ಅದರ ರಕ್ತದ ಒತ್ತಡ ಏರಿತು. ಆ ಸಾರದಲ್ಲಿದ್ದ ವಸ್ತುವಿಗೆ ರೆನಿನ್ ಎಂದು ಹೆಸರಿಟ್ಟರು. ಈ ಶೋಧನೆಯನ್ನು ಲೋಕವು ಮೂರು ದಶಕಗಳ ಕಾಲ ಹೆಚ್ಚಾಗಿ ಗಮನಿಸಲಿಲ್ಲ. 1934ರಲ್ಲಿ ಅಮೆರಿಕದ ಗೋಲ್ಡ್‌ಬ್ಲಾಟ್ ಎಂಬುವರು ನಾಯಿಗಳ ಮೂತ್ರಪಿಂಡಕ್ಕೆ ಹೋಗುವ ರಕ್ತನಾಳವನ್ನು ಚಿಮಟದಿಂದ ಸ್ವಲ್ಪ ಬಿಗಿಹಿಡಿದು, ಅಷ್ಟರಿಂದಲೇ ಇಡೀ ದೇಹದ ಒತ್ತಡ ಏರುವುದನ್ನು ತೋರಿಸಿದ ಮೇಲೆ ಕಣ್ಣುಗಳು ಇತ್ತ ತಿರುಗಿದವು.

ಈಗ ತಿಳಿದಿರುವ ಕ್ರಮ ಹೀಗಿದೆ. ದೇಹದಲ್ಲಿ ಉಪ್ಪಾಗಲಿ ನೀರಾಗಲಿ ಕಡಿಮೆಯಾಗಿ ಮೂತ್ರಪಿಂಡಕ್ಕೆ ರಕ್ತವು ಕುಂದಿದರೆ, ಅದು ರೆನಿನ್ನನ್ನು ಹೊರಗೆ ಬಿಡುತ್ತದೆ. ರೆನಿನ್ ತಾನೇ ಹಾರ್ಮೋನಲ್ಲ. ಅದು ಕತ್ತರಿಯಂತೆ ಕೆಲಸಮಾಡುವ ಕಿಣ್ವ. ಯಕೃತ್ತಿನಲ್ಲಿ ಹುಟ್ಟಿ ರಕ್ತದಲ್ಲಿರುವ ಒಂದು ವಸ್ತುವನ್ನು ಅದು ಕತ್ತರಿಸುತ್ತದೆ. ಆ ತುಂಡನ್ನು ಇನ್ನೊಂದು ಕಿಣ್ವವು ಮತ್ತೆ ಕತ್ತರಿಸುತ್ತದೆ. ಆಗ ಆಂಜಿಯೊಟೆನ್ಸಿನ್ ಎಂಬ ಪ್ರಬಲ ಹಾರ್ಮೋನು ಸಿದ್ಧವಾಗುತ್ತದೆ. ಇದು ರಕ್ತನಾಳಗಳನ್ನು ಬಿಗಿಸುತ್ತದೆ. ಅಲ್ಲದೆ ಮೂತ್ರಪಿಂಡದ ತಲೆಯ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಯನ್ನು ಪ್ರೇರಿಸಿ ಆಲ್ಡೊಸ್ಟಿರೋನ್ ಎಂಬ ಇನ್ನೊಂದು ರಸವನ್ನು ಹೊರಡಿಸುತ್ತದೆ. 1953ರಲ್ಲಿ ಪ್ರತ್ಯೇಕಿಸಲ್ಪಟ್ಟ ಈ ರಸದ ಕೆಲಸ, ಉಪ್ಪು ಮೂತ್ರದಲ್ಲಿ ಹೋಗದಂತೆ ಹಿಡಿದಿಡುವುದು. ಮಿದುಳಿನ ಬುಡದಿಂದ ಬರುವ ವ್ಯಾಸೊಪ್ರೆಸಿನ್ ಎಂಬ ರಸವು ನೀರನ್ನು ಹಿಡಿದಿಡುತ್ತದೆ. ಹೀಗೆ ಉಪ್ಪು, ನೀರು, ನಾಳಗಳ ಬಿಗಿ, ಈ ಮೂರರ ಲೆಕ್ಕವನ್ನು ನೋಡಿಕೊಳ್ಳುವ ಕಾರಭಾರಿಗಳು ಇವರು.

ಈ ಕಾರಭಾರಿಗಳಿಗೂ ಮನಸ್ಸಿಗೂ ಏನು ಸಂಬಂಧ? ಒತ್ತಡಕ್ಕೂ ಉನ್ಮಾದಕ್ಕೂ ನಂಟಿರಬಹುದೆಂಬ ಮೊದಲ ಸೂಚನೆಯೊಂದು ನಮ್ಮ ದೇಶದ ಬೇರೊಂದರಿಂದಲೇ ಬಂತು. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿ, 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಪ್ಪತಗುಡ್ಡವು ಔಷಧದ ಗಿಡಮೂಲಿಕೆಗಳಿಗೆ ಹೆಸರಾದದ್ದು. ಆ ಭಾಗದ ಜನರಿಗೆ ಬೇರುಗಳ ಶಕ್ತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾರತದ ಕಾಡುಗಳಲ್ಲಿ ಬೆಳೆಯುವ ಸರ್ಪಗಂಧಿಯ ಬೇರನ್ನು ನಾಟಿವೈದ್ಯರು ಹುಚ್ಚಿಗೂ ನಿದ್ರೆಗೇಡಿಗೂ ಕೊಡುತ್ತಿದ್ದರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು, ಈ ಒಂದೇ ಬೇರು ಉನ್ಮಾದವನ್ನೂ ಶಮನ ಮಾಡುತ್ತದೆ, ಏರಿದ ರಕ್ತದ ಒತ್ತಡವನ್ನೂ ಇಳಿಸುತ್ತದೆ ಎಂದು ಬರೆದರು. ಮುಂಬಯಿಯ ವಕೀಲ್ ಎಂಬ ಹೃದಯವೈದ್ಯರು 1949ರಲ್ಲಿ ಒತ್ತಡದ ಮೇಲೆ ಇದರ ಗುಣವನ್ನು ಇಂಗ್ಲೆಂಡಿನ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬೇರಿನಿಂದ ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಅನಂತರ ಒತ್ತಡಕ್ಕಾಗಿ ಇದನ್ನು ಸೇವಿಸಿದ ಕೆಲವರಲ್ಲಿ ಗಾಢವಾದ ವಿಷಾದ ಕಾಣಿಸಿಕೊಂಡಿತೆಂಬ ವರದಿಗಳು ಬಂದವು. ಆ ವರದಿಗಳ ಬಲವನ್ನು ಈಚಿನ ಪಂಡಿತರು ಸಂದೇಹಿಸುತ್ತಾರೆ. ಆದರೂ ನರಗಳ ಸಂದೇಶವಾಹಕ ರಸಗಳಿಗೂ ಮನೋಭಾವಕ್ಕೂ ಇರುವ ಸಂಬಂಧವನ್ನು ಹುಡುಕಲು ಅವೇ ದಾರಿ ತೋರಿದವು.

ಸರ್ಪದ ಹೆಸರಿನ ಬೇರಿನ ಬಳಿಕ ಸರ್ಪದ ವಿಷದ ಸರದಿ. ಬ್ರೆಜಿಲ್ ದೇಶದ ಒಂದು ಮಂಡಲದ ಹಾವಿನ ವಿಷವನ್ನು ಫೆರೇರ ಎಂಬ ವಿಜ್ಞಾನಿ ಪರಿಶೀಲಿಸಿದ್ದರ ಫಲವಾಗಿ, ಆಂಜಿಯೊಟೆನ್ಸಿನ್ನನ್ನು ಸಿದ್ಧಪಡಿಸುವ ಕಿಣ್ವಕ್ಕೆ ತಡೆಹಾಕುವ ಔಷಧಗಳು ಹುಟ್ಟಿದವು. ಇವುಗಳಲ್ಲಿ ಕ್ಯಾಪ್ಟೊಪ್ರಿಲ್ ಎಂಬುದು 1981ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. 1984ರಲ್ಲಿ ಅಲ್ಲಿನ ವೈದ್ಯರು, ವಿಷಾದದಲ್ಲಿದ್ದ ಕೆಲವು ರೋಗಿಗಳಿಗೆ ಈ ಔಷಧ ಕೊಟ್ಟಾಗ ಅವರ ಮನಸ್ಸೂ ತಿಳಿಯಾಯಿತೆಂದು ವರದಿಮಾಡಿದರು.

ಇದಕ್ಕೆ ಕಾರಣವೂ ಕ್ರಮವಾಗಿ ಹೊಳೆಯುತ್ತ ಬಂದಿದೆ. ಮಿದುಳಿನೊಳಗೂ ಆಂಜಿಯೊಟೆನ್ಸಿನ್ನಿನ ಸಂದೇಶವನ್ನು ಸ್ವೀಕರಿಸುವ ಗ್ರಾಹಕಗಳಿವೆ. ಬಾಯಾರಿಕೆಯನ್ನು ಎಬ್ಬಿಸುವುದು ಅವುಗಳ ಒಂದು ಕೆಲಸ. ಇನ್ನೊಂದು, ದೇಹವು ಸಂಕಟದಲ್ಲಿರುವಾಗ ಏಳುವ ಗ್ರಂಥಿಗಳ ಪ್ರತಿಕ್ರಿಯೆಯನ್ನು ಚುರುಕುಗೊಳಿಸುವುದು. ಆಂಜಿಯೊಟೆನ್ಸಿನ್ ಅತಿಯಾದರೆ ಊತಕ್ಕೆ ಸಂಬಂಧಿಸಿದ ರಾಸಾಯನಿಕ ಕ್ರಿಯೆಗಳು ಹೆಚ್ಚುತ್ತವೆ. ಬೈಪೋಲಾರ್ ರೋಗಿಗಳಲ್ಲಿ, ವಿಶೇಷವಾಗಿ ವ್ಯಾಧಿಯು ಏರಿದಾಗ, ಇಂಥ ಕ್ರಿಯೆಗಳ ಗುರುತು ರಕ್ತದಲ್ಲಿ ಕಾಣುವುದುಂಟು. ಆಲ್ಡೊಸ್ಟಿರೋನ್ ಮಿತಿಮೀರಿ ಸ್ರವಿಸುವ ರೋಗದಲ್ಲಿ ಒತ್ತಡದೊಡನೆ ಕಳವಳವೂ ವಿಷಾದವೂ ಹೆಚ್ಚಾಗಿರುವುದನ್ನು ವೈದ್ಯರು ಗಮನಿಸಿದ್ದಾರೆ.

ಹಾಗಾದರೆ ಒತ್ತಡದ ಗುಳಿಗೆಯಿಂದಲೇ ಚಿತ್ತದ ವ್ಯಾಧಿಯನ್ನು ತಡೆಯಬಹುದೆ? 2016ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾನಿಲಯದವರು 1,44,066 ಮಂದಿಯ ಆಸ್ಪತ್ರೆಯ ದಾಖಲೆಗಳನ್ನು ಪರಿಶೀಲಿಸಿದರು. ಆಂಜಿಯೊಟೆನ್ಸಿನ್ನಿಗೆ ತಡೆಹಾಕುವ ಔಷಧ ಸೇವಿಸುತ್ತಿದ್ದವರು ಮನೋಭಾವದ ವ್ಯಾಧಿಗಳಿಗಾಗಿ ಆಸ್ಪತ್ರೆ ಸೇರಿದ್ದು ಎಲ್ಲರಿಗಿಂತ ಕಡಿಮೆ; ಬೇರೆ ಎರಡು ವರ್ಗದ ಔಷಧಗಳನ್ನು ಸೇವಿಸುತ್ತಿದ್ದವರಲ್ಲಿ ಆ ಪ್ರಮಾಣ ಸುಮಾರು ಇಮ್ಮಡಿ. ಡೆನ್ಮಾರ್ಕಿನಲ್ಲಿ ದೇಶದ ಸಮಸ್ತ ದಾಖಲೆಗಳನ್ನು ಕೆಸ್ಸಿಂಗ್ ಮತ್ತು ಸಂಗಡಿಗರು ನೋಡಿ 2019ರಲ್ಲಿ ಪ್ರಕಟಿಸಿದ ಲೇಖನದಲ್ಲಿಯೂ, ಈ ಔಷಧಗಳನ್ನು ಬಿಡದೆ ಸೇವಿಸಿದವರಲ್ಲಿ ಬೈಪೋಲಾರ್ ವ್ಯಾಧಿ ಹೊಸದಾಗಿ ತಲೆದೋರುವುದು ಕಡಿಮೆಯೆಂದು ಕಂಡುಬಂತು.

ಇದನ್ನು ಕೇಳಿ ಹಿಗ್ಗುವ ಮುನ್ನ ವಿವೇಚಿಸಬೇಕು. ಗ್ಲಾಸ್ಗೋದ ಅಷ್ಟು ದೊಡ್ಡ ಗುಂಪಿನಲ್ಲಿ ಮನೋಭಾವದ ವ್ಯಾಧಿಗಾಗಿ ನಡೆದ ಆಸ್ಪತ್ರೆ ಪ್ರವೇಶಗಳು 299 ಮಾತ್ರ, ಅವುಗಳಲ್ಲಿ ಹೆಚ್ಚಿನವು ವಿಷಾದಕ್ಕೆ ಸಂಬಂಧಿಸಿದವು. ಅಲ್ಲಿ ಹಾನಿಕರವಾಗಿ ತೋರಿದ ವರ್ಗಗಳ ಕೆಲವು ಔಷಧಗಳೇ ಡೆನ್ಮಾರ್ಕಿನವರು 2020ರಲ್ಲಿ ಪ್ರಕಟಿಸಿದ ಇನ್ನೊಂದು ಪರಿಶೀಲನೆಯಲ್ಲಿ ವಿಷಾದವನ್ನು ಕಡಿಮೆ ಮಾಡುವವುಗಳ ಸಾಲಿನಲ್ಲಿ ಕಾಣಿಸಿಕೊಂಡವು. ಮೇಲಾಗಿ, ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ಬೈಪೋಲಾರ್ ವ್ಯಾಧಿಯುಳ್ಳವರಲ್ಲಿ ರಕ್ತದ ಒತ್ತಡ ಇತರರಿಗಿಂತ ಹೆಚ್ಚಾಗಿ ಕಾಣುತ್ತದೆ, ನಿಜ. ಆದರೆ ನಿದ್ರೆಗೇಡು, ತಂಬಾಕು, ಮೈ ಬೆಳೆಯುವಿಕೆ, ಕೆಲವು ಮನೋವೈದ್ಯ ಔಷಧಗಳ ಪರಿಣಾಮ, ಇವೂ ಅದಕ್ಕೆ ಕಾರಣಗಳಾಗುತ್ತವೆ. ಆದುದರಿಂದ ಈ ಭಾಗವನ್ನು ಆಶಾದಾಯಕವಾದ ಶೋಧನೆಯೆಂದು ಗೌರವಿಸೋಣ. ಚಿಕಿತ್ಸೆಯೆಂದು ಕರೆಯುವುದು ಬೇಡ.

ಈಗ ನಿಶ್ಚಿತವಾದ ಭಾಗಕ್ಕೆ ಬರೋಣ. 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯರು, ಉನ್ಮಾದದಲ್ಲಿದ್ದ ಹತ್ತು ಮಂದಿ ರೋಗಿಗಳಿಗೆ ಲಿಥಿಯಂ ಎಂಬ ಲವಣವನ್ನು ಕೊಟ್ಟು ಅವರು ಶಾಂತರಾದುದನ್ನು ಪ್ರಕಟಿಸಿದರು. ಮುಕ್ಕಾಲು ಶತಮಾನ ಕಳೆದರೂ ಈ ವ್ಯಾಧಿಗೆ ಇದಕ್ಕಿಂತ ನೆಚ್ಚಿನ ಔಷಧ ದೊರೆತಿಲ್ಲ. ಏರಿಳಿತಗಳು ಮರಳಿ ಬರದಂತೆ ಅದು ತಡೆಯುತ್ತದೆ, ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುತ್ತದೆ, ಬೆಲೆಯೂ ಅಗ್ಗ. ಆದರೆ ಗುಣಕ್ಕೂ ವಿಷಕ್ಕೂ ನಡುವಣ ಅಂತರ ಬಹಳ ಕಿರಿದು. ರಕ್ತದ ದ್ರವಭಾಗದಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್‌ವರೆಗೆ ಇದ್ದರೆ ಸಾಮಾನ್ಯವಾಗಿ ಔಷಧ, 1.5ನ್ನು ದಾಟಿದರೆ ವಿಷದ ಲಕ್ಷಣಗಳು ತೋರತೊಡಗುತ್ತವೆ.

ಲಿಥಿಯಂ ದೇಹದಿಂದ ಹೊರಹೋಗುವ ಬಾಗಿಲು ಮೂತ್ರಪಿಂಡವೊಂದೇ. ಆ ಬಾಗಿಲನ್ನು ಕಾಯುವವರು ನಾವು ಇಷ್ಟು ಹೊತ್ತು ಹೇಳಿದ ಆ ಕಾರಭಾರಿ ರಸಗಳೇ! ರಸಾಯನಶಾಸ್ತ್ರದಲ್ಲಿ ಲಿಥಿಯಮ್ಮು ಸೋಡಿಯಮ್ಮಿಗೆ, ಅಂದರೆ ಉಪ್ಪಿನ ಸತ್ವಕ್ಕೆ, ದಾಯಾದಿ. ದೇಹದಲ್ಲಿ ಉಪ್ಪು ಕಡಿಮೆಯಾಗಿ ಮೂತ್ರಪಿಂಡವು ಅದನ್ನು ಬಾಚಿ ಒಳಗೆ ಎಳೆದುಕೊಳ್ಳುವಾಗ, ದಾಯಾದಿಯ ಮುಖದ ಹೋಲಿಕೆಗೆ ಮರುಳಾಗಿ ಲಿಥಿಯಮ್ಮನ್ನೂ ಎಳೆದುಕೊಳ್ಳುತ್ತದೆ. ಒತ್ತಡಕ್ಕೆಂದು ಕೊಡುವ, ಮೂತ್ರವನ್ನು ಹೆಚ್ಚಿಸುವ ಗುಳಿಗೆಗಳಿಂದ ಉಪ್ಪು ಹೊರಹೋಗಿ ಹೀಗಾಗುತ್ತದೆ. ಆಂಜಿಯೊಟೆನ್ಸಿನ್ನಿಗೆ ತಡೆಹಾಕುವ ಔಷಧಗಳಿಂದ ಮೂತ್ರಪಿಂಡದ ಸೋಸುವ ಒತ್ತಡವೂ ತಗ್ಗಿ, ಲಿಥಿಯಂ ಒಳಗೇ ನಿಲ್ಲಬಹುದು. ಲಿಥಿಯಮ್ಮಾದರೋ ತನ್ನ ಪಾಲಿಗೆ, ಮೂತ್ರಪಿಂಡವು ವ್ಯಾಸೊಪ್ರೆಸಿನ್ನಿನ ಆಜ್ಞೆಗೆ ಕಿವುಡಾಗುವಂತೆ ಮಾಡುವುದುಂಟು. ಆಗ ಮೂತ್ರವೂ ಬಾಯಾರಿಕೆಯೂ ಹೆಚ್ಚುತ್ತವೆ, ನೀರು ಸಾಲದೆ ಬಂದರೆ ಅಪಾಯವು ಇನ್ನೂ ಹತ್ತಿರವಾಗುತ್ತದೆ.

ಇದು ಪುಸ್ತಕದ ಭಯವಲ್ಲ. ಕೆನಡಾ ದೇಶದ ಒಂಟೇರಿಯೊ ಪ್ರಾಂತದಲ್ಲಿ ಲಿಥಿಯಂ ಸೇವಿಸುತ್ತಿದ್ದ 10,615 ಮಂದಿ ವೃದ್ಧರ ದಾಖಲೆಗಳನ್ನು ನೋಡಿ 2004ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ 413 ಮಂದಿ ಲಿಥಿಯಂ ವಿಷಕ್ಕಾಗಿ ಒಮ್ಮೆಯಾದರೂ ಆಸ್ಪತ್ರೆ ಸೇರಿದ್ದರು. ಕಿಣ್ವಕ್ಕೆ ತಡೆಹಾಕುವ ಒತ್ತಡದ ಗುಳಿಗೆಯನ್ನು ಹೊಸದಾಗಿ ಆರಂಭಿಸಿದ ಒಂದು ತಿಂಗಳೊಳಗೆ ಈ ಅಪಾಯವು ಏಳೂವರೆ ಪಟ್ಟು ಏರಿತ್ತು. ಮೂತ್ರವನ್ನು ರಭಸದಿಂದ ಹೊರಡಿಸುವ ಒಂದು ವರ್ಗದ ಔಷಧದಿಂದ ಐದೂವರೆ ಪಟ್ಟು.

ಇದನ್ನು ನಮ್ಮ ಸೀಮೆಗೆ ಅನ್ವಯಿಸಿ ನೋಡೋಣ. ಬೆಟಗೇರಿಯಲ್ಲಿ ಐವತ್ತೈದು ವರ್ಷದ ಒಬ್ಬ ನೇಕಾರನಿದ್ದಾನೆಂದು ಊಹಿಸೋಣ. ಧಾರವಾಡದ ಮನೋವೈದ್ಯರು ಬರೆದುಕೊಟ್ಟ ಲಿಥಿಯಮ್ಮಿನಿಂದ ಹತ್ತು ವರ್ಷ ನೆಮ್ಮದಿಯಾಗಿ ಮಗ್ಗದ ಮುಂದೆ ಕುಳಿತು ಸಂಸಾರ ಸಾಗಿಸಿದ್ದಾನೆ. ಊರ ವೈದ್ಯರಲ್ಲಿಗೆ ತಲೆಸುತ್ತೆಂದು ಹೋದಾಗ ಒತ್ತಡ ಹೆಚ್ಚಾಗಿದೆಯೆಂದು ಗುಳಿಗೆ ಕೊಟ್ಟು, ಉಪ್ಪು ಬಿಡೆಂದು ಹೇಳುತ್ತಾರೆ. ಮನಸ್ಸಿನ ಔಷಧದ ವಿಷಯವನ್ನು ಅವನು ಹೇಳುವುದಿಲ್ಲ. ಮಗಳ ಲಗ್ನ ಗೊತ್ತುಮಾಡುವ ಸಮಯ, ಸುದ್ದಿ ಹರಡಿದರೆ ಏನು ಗತಿಯೆಂಬ ಅಂಜಿಕೆ. ಉಪ್ಪಿನಕಾಯಿ, ಹಪ್ಪಳ, ಭಜಿ ಎಲ್ಲವನ್ನೂ ಒಮ್ಮೆಗೇ ಬಿಡುತ್ತಾನೆ. ಮಂಡಿ ನೋಯುತ್ತದೆಂದು ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುತ್ತಾನೆ. ಏಪ್ರಿಲ್ ತಿಂಗಳ ಬಿಸಿಲು, ಮೈತುಂಬ ಬೆವರು. ಕೆಲವು ದಿನಗಳಲ್ಲಿ ಕೈ ಜೋರಾಗಿ ನಡುಗುತ್ತದೆ, ಲಾಳಿ ಹಿಡಿಯಲಾಗದು, ಹೆಜ್ಜೆ ತಪ್ಪುತ್ತದೆ, ನಾಲಗೆ ತೊದಲುತ್ತದೆ, ವಾಂತಿ ಭೇದಿಗಳಾಗುತ್ತವೆ, ಮಂಕು ಕವಿಯುತ್ತದೆ. ಕುಡಿದಿದ್ದಾನೆಂದು ನೆರೆಯವರು ತಿಳಿಯುತ್ತಾರೆ. ಹಳೆಯ ಹುಚ್ಚು ಮರಳಿತೆಂದು ಮನೆಯವರು ಇನ್ನೊಂದು ಲಿಥಿಯಂ ಗುಳಿಗೆಯನ್ನು ಕೊಡುತ್ತಾರೆ. ಇಲ್ಲಿ ಪ್ರತಿಯೊಬ್ಬರೂ ಒಳ್ಳೆಯದನ್ನೇ ಬಯಸಿದರು. ಆದರೆ ಗಡಿಯಾಚೆಗೆ ಏನು ನಡೆಯುತ್ತಿದೆಯೆಂಬುದು ಯಾರಿಗೂ ತಿಳಿಯಲಿಲ್ಲ.

ಇಂಥ ಅನರ್ಥವನ್ನು ತಪ್ಪಿಸುವುದು ಕಷ್ಟವಲ್ಲ. ಲಿಥಿಯಂ ಸೇವಿಸುವವರು ಯಾವ ವೈದ್ಯರಲ್ಲಿಗೆ ಹೋದರೂ, ಹಲ್ಲಿನ ವೈದ್ಯರಲ್ಲಿಗೇ ಆಗಲಿ, ಎಲ್ಲ ಚೀಟಿಗಳನ್ನೂ ಒಯ್ದು ತೋರಿಸಬೇಕು. ಒತ್ತಡದ ಗುಳಿಗೆಯ ಹೆಸರು ‘ಪ್ರಿಲ್’ ಎಂದಾಗಲಿ ‘ಸಾರ್ಟನ್’ ಎಂದಾಗಲಿ ಮುಗಿದರೆ, ಅಥವಾ ಅದರಲ್ಲಿ ಮೂತ್ರವರ್ಧಕ ಬೆರೆತಿದ್ದರೆ, ವೈದ್ಯರನ್ನು ಕೇಳದೆ ಆರಂಭಿಸಬಾರದು. ಅವು ಸರ್ವಥಾ ನಿಷಿದ್ಧವೆಂದಲ್ಲ; ಅವಶ್ಯವಾದರೆ ಲಿಥಿಯಮ್ಮಿನ ಪ್ರಮಾಣವನ್ನು ತಗ್ಗಿಸಿ, ರಕ್ತವನ್ನು ಬೇಗಬೇಗನೆ ಪರೀಕ್ಷಿಸುತ್ತ ಕೊಡಬಹುದು, ಇಲ್ಲವೆ ಬೇರೆ ವರ್ಗದ ಔಷಧವನ್ನು ಆರಿಸಬಹುದು. ಐಬುಪ್ರೊಫೇನ್, ಡೈಕ್ಲೊಫೆನಾಕ್ ಮೊದಲಾದ ನೋವಿನ ಗುಳಿಗೆಗಳನ್ನು ತಾವಾಗಿ ಕೊಳ್ಳಬಾರದು. ಉಪ್ಪನ್ನು ಒಮ್ಮೆಗೇ ಬಿಡುವುದಾಗಲಿ ಒಮ್ಮೆಗೇ ಹೆಚ್ಚಿಸುವುದಾಗಲಿ ಕೂಡದು. ಬೇಸಗೆಯಲ್ಲಿ ನೀರು ಸಾಕಷ್ಟು ಕುಡಿಯಬೇಕು. ವಾಂತಿ ಭೇದಿಯಾದರೆ ಕೂಡಲೇ ವೈದ್ಯರನ್ನು ಕಾಣಬೇಕು. ರಕ್ತದಲ್ಲಿ ಲಿಥಿಯಮ್ಮಿನ ಪ್ರಮಾಣವನ್ನು ಮೂರರಿಂದ ಆರು ತಿಂಗಳಿಗೊಮ್ಮೆ, ಕೊನೆಯ ಗುಳಿಗೆ ನುಂಗಿದ 12 ಗಂಟೆಗಳ ಮೇಲೆ ಪರೀಕ್ಷಿಸಿಕೊಳ್ಳಬೇಕು. ಮೂತ್ರಪಿಂಡ ಮತ್ತು ಥೈರಾಯ್ಡ್ ಗ್ರಂಥಿಗಳ ಪರೀಕ್ಷೆಯೂ ಕಾಲಕಾಲಕ್ಕೆ ನಡೆಯಬೇಕು.

ಇದೆಲ್ಲವನ್ನು ಕೇಳಿದ ಯಾರಾದರೂ ಹೆದರಿ ಲಿಥಿಯಮ್ಮನ್ನೇ ಬಿಟ್ಟುಬಿಟ್ಟರೆ ಅದು ಇನ್ನೂ ದೊಡ್ಡ ಅನರ್ಥ. ತಟ್ಟನೆ ನಿಲ್ಲಿಸಿದವರಲ್ಲಿ ಉನ್ಮಾದವು ರಭಸದಿಂದ ಮರಳುವುದುಂಟು. ವಿಷದ ಲಕ್ಷಣಗಳು ಕಂಡರೆ ಮಾತ್ರ ಮುಂದಿನ ಗುಳಿಗೆಯನ್ನು ತಡೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಉಳಿದ ಸಮಯದಲ್ಲಿ ಲಿಥಿಯಮ್ಮನ್ನಾಗಲಿ ಒತ್ತಡದ ಗುಳಿಗೆಯನ್ನಾಗಲಿ ವೈದ್ಯರ ಮಾತಿಲ್ಲದೆ ಬಿಡತಕ್ಕದ್ದಲ್ಲ.

ಸಹಾಯವು ದೂರದಲ್ಲಿಲ್ಲ. ಗದಗದಲ್ಲಿ 2015ರಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾಗಿದೆ. ಧಾರವಾಡದಲ್ಲಿ 1845ರಲ್ಲಿ ಹುಚ್ಚರ ಆಸ್ಪತ್ರೆಯೆಂದು ಮೊದಲಾದ ಸಂಸ್ಥೆಯು ಈಗ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯಾಗಿ ಬೆಳೆದಿದೆ. 2022ರಿಂದ ಟೆಲಿ ಮಾನಸ್ ಎಂಬ ಸೇವೆಯಲ್ಲಿ 14416 ಸಂಖ್ಯೆಗೆ ದೂರವಾಣಿ ಮಾಡಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿಯೇ, ಖರ್ಚಿಲ್ಲದೆ, ಸಲಹೆ ಪಡೆಯಬಹುದು.

ರಕ್ತದ ಒತ್ತಡದ ರಸಗಳು ಚಿತ್ತದ ವ್ಯಾಧಿಗೆ ಎಷ್ಟರಮಟ್ಟಿಗೆ ಮೂಲವೆಂಬುದನ್ನು ವಿಜ್ಞಾನಿಗಳು ಮುಂದೆ ನಿರ್ಣಯಿಸಲಿ. ಅವು ಚಿತ್ತದ ಔಷಧವನ್ನು ಅಮೃತವಾಗಿಯೂ ವಿಷವಾಗಿಯೂ ಮಾಡಬಲ್ಲವೆಂಬುದು ಮಾತ್ರ ಇಂದೇ ನಿರ್ಣಯವಾಗಿರುವ ಸಂಗತಿ. ಆದರೆ ರೋಗಿಯು ತನ್ನ ಎಲ್ಲ ಗುಳಿಗೆಗಳನ್ನೂ ವೈದ್ಯರ ಮೇಜಿನ ಮೇಲೆ ಸಂಕೋಚವಿಲ್ಲದೆ ಇಡಬೇಕಾದರೆ, ಸುತ್ತಲಿನ ನಾವು ಅವನ ವ್ಯಾಧಿಯನ್ನು ಲಜ್ಜೆಯ ಮಾತಾಗಿ ಆಡುವುದನ್ನು ಮೊದಲು ಬಿಡಬೇಕು. ಅವನ ಮಗಳಿಗೆ ವರ ನೋಡುವವರೂ ನಾವೇ, ಅವನ ನೆರೆಯವರೂ ನಾವೇ. ಈ ಕೆಲಸವನ್ನು ಯಾವ ವೈದ್ಯರೂ ನಮಗಾಗಿ ಮಾಡಲಾರರು.